ಮೀಟಿಂಗ್ ಮುಗಿದರೂ ಕೆಲಸ ಆಗುತ್ತಿಲ್ಲವೇ? ದೋಷ ಹುಡುಕುವ ಕ್ರಮ

ತೋಟದ ಪಂಪು ನೀರೆತ್ತದಿದ್ದರೆ ನಮ್ಮೂರಿನ ಯಾವ ಮೆಕ್ಯಾನಿಕ್ಕೂ ಮೊದಲೇ ಮೋಟಾರು ಬಿಚ್ಚುವುದಿಲ್ಲ. ಮೂರೂ ಫೇಸಿನಲ್ಲಿ ಕರೆಂಟು ಬರುತ್ತಿದೆಯಾ ನೋಡುತ್ತಾರೆ. ಆಮೇಲೆ ಪೈಪಿನಲ್ಲಿ ಗಾಳಿ ಹಿಡಿದಿದೆಯಾ, ಕೆಳಗೆ ಫುಟ್‌ವಾಲ್ವಿಗೆ ಎಲೆ ಕಸ ಸಿಕ್ಕಿದೆಯಾ ಎಂದು ನೋಡುತ್ತಾರೆ. ಹೆಚ್ಚಿನ ಸಲ ದೋಷ ಅಲ್ಲೇ ಇರುತ್ತದೆ. ಆಫೀಸಿನ ಮೀಟಿಂಗ್ ಕೆಟ್ಟಾಗ ಮಾತ್ರ ನಾವು ಸೀದಾ ಮೋಟಾರಿಗೆ ಕೈ ಹಾಕುತ್ತೇವೆ. ಅವರು ಜಾಸ್ತಿ ಮಾತಾಡುತ್ತಾರೆ, ಇವರು ಬಾಯಿಯೇ ಬಿಡುವುದಿಲ್ಲ, ಒಟ್ಟಾರೆ ಜನರೇ ಸರಿ ಇಲ್ಲ ಎನ್ನುತ್ತೇವೆ.

ಜನ ಸರಿ ಇರುತ್ತಾರೆ. ಮೀಟಿಂಗ್‌ನ ದೋಷ ಹೆಚ್ಚಾಗಿ ಮೀಟಿಂಗ್ ಶುರುವಾಗುವ ಮೊದಲು ಇರುತ್ತದೆ, ಇಲ್ಲವೇ ಮುಗಿದ ಮೇಲಿನ ಹತ್ತು ನಿಮಿಷದಲ್ಲಿ ಇರುತ್ತದೆ. ನಡುವಿನ ಮಾತುಕತೆಯಲ್ಲಿ ಕಾಣಿಸುವುದು ಬರೀ ಅದರ ಲಕ್ಷಣ. ಇದು ನನಗೆ ಪುಸ್ತಕ ಓದಿ ಗೊತ್ತಾದದ್ದಲ್ಲ, ಒಂದು ಮಳೆಗಾಲ ಕಲಿಸಿದ್ದು.

ನಾನು ಕಾಸರಗೋಡಿನಲ್ಲಿ ಕೃಷಿ ಸಾಮಗ್ರಿ ಮಾರುವ ಒಂದು ಸಂಸ್ಥೆಯಲ್ಲಿ ಕೆಲಸ ಮಾಡುತ್ತೇನೆ. ಪೇಟೆಯಲ್ಲಿ ಮುಖ್ಯ ಆಫೀಸು. ಬದಿಯಡ್ಕ, ಮುಳ್ಳೇರಿಯ ಕಡೆ ಡಿಪೋ. ಗಡಿಯಾಚೆ ಮಂಗಳೂರಿನಲ್ಲಿ ಒಂದು ಬ್ರಾಂಚು ಮತ್ತು ದೊಡ್ಡ ಗೋಡೌನು. ಪ್ರತಿ ಸೋಮವಾರ ಬೆಳಿಗ್ಗೆ ಮೀಟಿಂಗ್, ಒಟ್ಟು ಹದಿನಾಲ್ಕು ಜನ.

ಒಂದು ವರ್ಷ ಮೇ ತಿಂಗಳ ಮೊದಲ ಸೋಮವಾರ ಎರಡು ಗಂಟೆ ಕೂತು ಮಾತಾಡಿದೆವು. ಈ ಸಲ ಮೈಲುತುತ್ತು (ಕಾಪರ್ ಸಲ್ಫೇಟ್) ಡಿಪೋಗಳಿಗೆ ಬೇಗ ಹೋಗಬೇಕು ಎಂದು ಎಲ್ಲರೂ ಒಪ್ಪಿದರು. ಒಬ್ಬರೂ ಎದುರು ಮಾತಾಡಲಿಲ್ಲ. ಅಡಿಕೆ ಬೆಳೆಯುವವರಿಗೆ ಇದರ ಅವಸರ ಗೊತ್ತು. ಕೊಳೆರೋಗ ಬರದಂತೆ ಮಳೆ ಹಿಡಿಯುವ ಮೊದಲೇ ಒಂದು ಸಲ ಬೋರ್ಡೊ ದ್ರಾವಣ ಹೊಡೆಯಬೇಕು, ಆಮೇಲೆ 40ರಿಂದ 45 ದಿನ ಬಿಟ್ಟು ಇನ್ನೊಂದು ಸಲ. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಕೇರಳಕ್ಕೆ ಮುಂಗಾರು ಬರುವ ಸಾಮಾನ್ಯ ದಿನ ಜೂನ್ 1. ಅಂದರೆ ಮೇ ಮಧ್ಯದೊಳಗೆ ಚೀಲ ಡಿಪೋದಲ್ಲಿರಬೇಕು, ಕೊನೆಗೆ ಮರ ಹತ್ತಿ ಮದ್ದು ಹೊಡೆಯುವವರು ಸಿಗುವುದೂ ಕಷ್ಟ ಅಲ್ವಾ.

ಚೀಲ ಹೋಗಲಿಲ್ಲ. ಮಂಗಳೂರಿನವರು ಲಾರಿ ಮುಖ್ಯ ಆಫೀಸಿನವರು ಹೇಳುತ್ತಾರೆ ಎಂದುಕೊಂಡಿದ್ದರು. ಮುಖ್ಯ ಆಫೀಸಿನವರು ಎಷ್ಟು ಚೀಲ ಬೇಕೆಂದು ಡಿಪೋದಿಂದ ಲೆಕ್ಕ ಬರಲಿ ಎಂದು ಕಾದರು. ಡಿಪೋದವರು ಮೀಟಿಂಗ್‌ನಲ್ಲಿ ಎಲ್ಲರೂ ಒಪ್ಪಿದ್ದಾರಲ್ಲ, ಮಾಲು ಹೊರಟಿರಬೇಕು ಎಂದುಕೊಂಡರು. ಮಳೆ ಬಂತು, ಚೀಲ ಮಂಗಳೂರಿನ ಗೋಡೌನಿನಲ್ಲೇ ಇತ್ತು. ನಮ್ಮ ಹಳೇ ಗಿರಾಕಿಯೊಬ್ಬರು ಡಿಪೋದ ಜಗಲಿಯಲ್ಲಿ ನಿಂತು ಕೊಡೆ ಮಡಚುತ್ತಾ ಕೇಳಿದರು, "ವಾರ ವಾರ ಮೀಟಿಂಗ್ ಮಾಡ್ತೀರಲ್ಲ, ಅದರಲ್ಲಿ ಎಂತ ಮಾತಾಡುವುದು ನೀವು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತಿನಿಂದ ಮೀಟಿಂಗ್‌ನ್ನು ಪಂಪಿನ ಹಾಗೆ ನೋಡಲು ಶುರು ಮಾಡಿದೆ. ಕೆಳಗೆ ಬರೆದದ್ದು ನಾನು ನೋಡುವ ಕ್ರಮ. ನಿಮ್ಮ ಆಫೀಸು ಬೇರೆ ಇರಬಹುದು, ಸೊಸೈಟಿ ಇರಬಹುದು, ಶಾಲೆಯ ಸ್ಟಾಫ್ ರೂಮು ಇರಬಹುದು. ಹುಡುಕುವ ಕ್ರಮ ಬದಲಾಗುವುದಿಲ್ಲ.

ಮೊದಲು ಈ ಪರೀಕ್ಷೆ

ಮೀಟಿಂಗ್ ಮುಗಿದು ಒಂದು ಗಂಟೆ ಕಳೆಯಲಿ. ಎಲ್ಲರೂ ಚಾ ಕುಡಿದು ಅವರವರ ಜಾಗಕ್ಕೆ ಹೋಗಿರುತ್ತಾರೆ. ಆಗ ಮೂರು ಜನರನ್ನು ಬೇರೆ ಬೇರೆಯಾಗಿ ಕೇಳಿ. ಏನು ತೀರ್ಮಾನ ಆಯಿತು? ಯಾರು ಮಾಡುತ್ತಾರೆ? ಯಾವ ದಿನದೊಳಗೆ? ಈ ಮೂವರಲ್ಲಿ ಒಬ್ಬರು ಮೀಟಿಂಗ್‌ನಲ್ಲಿ ಹೆಚ್ಚು ಮಾತಾಡಿದವರಾಗಿರಲಿ, ಒಬ್ಬರು ಮಾತೇ ಆಡದವರಾಗಿರಲಿ, ಇನ್ನೊಬ್ಬರು ಆ ಕೆಲಸವನ್ನು ನಿಜವಾಗಿ ಕೈಯಲ್ಲಿ ಮಾಡಬೇಕಾದವರಾಗಿರಲಿ. ಪರೀಕ್ಷೆ ಮಾಡುತ್ತಿದ್ದಾರೆ ಎಂದು ಅವರಿಗೆ ಅನಿಸಬಾರದು. "ನಾನು ಬರೆದುಕೊಂಡದ್ದು ಸರಿ ಇದೆಯಾ ನೋಡ್ತಿದ್ದೇನೆ" ಎಂದರೆ ಸಾಕು, ಅದು ಸುಳ್ಳೂ ಅಲ್ಲ.

ಮೂರು ರೀತಿಯ ಫಲ ಬರಬಹುದು. ಮೂವರೂ ಮೂರು ಬೇರೆ ತೀರ್ಮಾನ ಹೇಳುತ್ತಾರೆ. ಅಥವಾ ತೀರ್ಮಾನ ಒಂದೇ ಹೇಳುತ್ತಾರೆ, ಆದರೆ ಯಾರು, ಯಾವಾಗ ಎಂದಾಗ ತಡವರಿಸುತ್ತಾರೆ. ಅಥವಾ "ಇಲ್ಲ, ಏನೂ ತೀರ್ಮಾನ ಆಗಲಿಲ್ಲ, ಸುಮ್ನೆ ಮಾತಾಡಿದ್ದು" ಎನ್ನುತ್ತಾರೆ. ಈ ಮೂರಕ್ಕೂ ಬೇರೆ ಬೇರೆ ಮದ್ದು. ಪರೀಕ್ಷೆ ಮಾಡದೆ ಮದ್ದು ಶುರು ಮಾಡಬೇಡಿ. ಎರಡು ಮೂರು ವಾರ ಸತತ ಮಾಡಿ ನೋಡಿ, ಒಂದು ವಾರದ್ದನ್ನು ನಂಬಲಾಗುವುದಿಲ್ಲ.

ಮೂವರೂ ಬೇರೆ ಬೇರೆ ತೀರ್ಮಾನ ಹೇಳಿದರೆ

ತೀರ್ಮಾನವನ್ನು ಯಾರೂ ಬಾಯಿಬಿಟ್ಟು ಹೇಳಿಲ್ಲ ಎಂದರ್ಥ. ಚರ್ಚೆ ಆಯಿತು, ತಲೆಯಾಡಿಸಿದರು, ಮುಂದಿನ ವಿಷಯಕ್ಕೆ ಹೋದರು. ಪ್ರತಿಯೊಬ್ಬರೂ ತಮಗೆ ಹಿತವಾದದ್ದನ್ನು ತೀರ್ಮಾನ ಎಂದುಕೊಂಡು ಎದ್ದರು.

ನಮ್ಮ ಕಡೆ ಇದಕ್ಕೆ ಭಾಷೆಯೂ ಸೇರುತ್ತದೆ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಕಾಸರಗೋಡನ್ನು ಸಪ್ತಭಾಷೆಯ ನಾಡು ಎಂದು ಅಭಿಮಾನದಿಂದ ಹೇಳುತ್ತೇವೆ. ನಮ್ಮ ಮೀಟಿಂಗ್‌ನಲ್ಲೇ ಕನ್ನಡ, ಮಲಯಾಳಂ, ತುಳು, ಬ್ಯಾರಿ, ಕೊಂಕಣಿ ಎಲ್ಲ ಇದೆ. ಒಂದು ವಾಕ್ಯ ಕನ್ನಡದಲ್ಲಿ ಶುರುವಾಗಿ ತುಳುವಿನಲ್ಲಿ ಮುಗಿಯುತ್ತದೆ. ಮಾತಾಡಲು ಇದರಿಂದ ತೊಂದರೆಯೇ ಇಲ್ಲ, ಹುಟ್ಟಿದಾಗಿನಿಂದ ಹೀಗೆಯೇ ಬದುಕಿದವರು ನಾವು. ತೊಂದರೆ ಬರುವುದು ಒಪ್ಪಿಗೆಯ ಮಾತಿನಲ್ಲಿ. ಕನ್ನಡದವರು "ಆಯ್ತು" ಎನ್ನುತ್ತಾರೆ. ತುಳುವಿನವರು "ಆವು" ಎನ್ನುತ್ತಾರೆ. ಮಲಯಾಳಂನವರು "ಶರಿ" ಎನ್ನುತ್ತಾರೆ. ಮೂರಕ್ಕೂ "ನೀವು ಹೇಳಿದ್ದು ಕೇಳಿಸಿತು" ಎಂಬ ಅರ್ಥ ಇರಬಹುದು, "ನನ್ನ ವಿರೋಧ ಇಲ್ಲ" ಎಂಬ ಅರ್ಥ ಇರಬಹುದು. "ನಾನು ಮಾಡುತ್ತೇನೆ" ಎಂಬ ಅರ್ಥ ಇರಲೇಬೇಕೆಂದಿಲ್ಲ. ಮೈಲುತುತ್ತಿನ ಮೀಟಿಂಗ್‌ನಲ್ಲಿ ನನಗೆ ಮೂರೂ ಮಾತು ಕೇಳಿಸಿತ್ತು. ಮೂರನ್ನೂ ನಾನು ಭರವಸೆ ಎಂದುಕೊಂಡೆ.

ಒಂದೇ ಶಬ್ದ ಎರಡು ಕಡೆ ಇದ್ದು ಅರ್ಥ ಬೇರೆ ಇದ್ದರೆ ಇನ್ನೂ ಕಷ್ಟ. "ಶನಿವಾರದವರೆಗೆ ಅವಧಿ" ಎಂದು ಕನ್ನಡದಲ್ಲಿ ಬರೆದರೆ ಶನಿವಾರದೊಳಗೆ ಮುಗಿಸಿ ಎಂದು ನಮಗೆ ಅರ್ಥ. ಮಲಯಾಳಂನಲ್ಲಿ ಅವಧಿ ಎಂದರೆ ದಿನಬಳಕೆಯಲ್ಲಿ ರಜೆ. ಗ್ರೂಪಿನಲ್ಲಿ ಇಂಥ ಶಬ್ದ ಹಾಕುವ ಮೊದಲು ಯೋಚಿಸಬೇಕು. ತಾರೀಕು ಬರೆದರೆ ಯಾವ ಭಾಷೆಯವರಿಗೂ ಸಂಶಯ ಇಲ್ಲ.

ಮದ್ದು ಸರಳ. ಪ್ರತಿ ವಿಷಯ ಮುಗಿದ ಕೂಡಲೇ ಒಬ್ಬರು ತೀರ್ಮಾನವನ್ನು ಒಂದು ವಾಕ್ಯದಲ್ಲಿ ಬರೆದು ಗಟ್ಟಿಯಾಗಿ ಓದಬೇಕು. ಮೀಟಿಂಗ್‌ನ ಕೊನೆಗಲ್ಲ, ಆ ವಿಷಯದ ಕೊನೆಗೆ. ನಾವು ಕನ್ನಡದಲ್ಲಿ ಒಮ್ಮೆ, ಮಲಯಾಳಂನಲ್ಲಿ ಒಮ್ಮೆ ಓದುತ್ತೇವೆ. ನಮ್ಮಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿತವರು ಕೆಲವರಿಗೆ ಮಲಯಾಳಂ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಮಲಯಾಳಂ ಮಾಧ್ಯಮದವರಿಗೆ ಕನ್ನಡ ಅಕ್ಷರ ಹಾಗೆಯೇ. ಅದನ್ನು ಹೇಳಿಕೊಳ್ಳಲು ಸಂಕೋಚ ಪಡುತ್ತಾರೆ. ಗಟ್ಟಿಯಾಗಿ ಓದಿದರೆ ಯಾರಿಗೂ ಸಂಕೋಚವಿಲ್ಲ. ಇಡೀ ಚರ್ಚೆಯನ್ನು ಎರಡು ಭಾಷೆಯಲ್ಲಿ ಬರೆಯುವುದು ಬೇಡ, ಯಾರೂ ಓದುವುದಿಲ್ಲ. ತೀರ್ಮಾನದ ಸಾಲುಗಳು ಮಾತ್ರ ಸಾಕು.

ಓದಿದಾಗ "ಅಯ್ಯೋ, ನಾನು ಹಾಗೆ ಹೇಳಲಿಲ್ಲ" ಎಂದು ಯಾರಾದರೂ ಎದ್ದರೆ ಸಂತೋಷಪಡಿ. ಆ ಜಗಳ ಜೂನ್‌ನಲ್ಲಿ ಡಿಪೋದ ಜಗಲಿಯಲ್ಲಿ ಆಗುವ ಬದಲು ಈಗಲೇ ಆಯಿತು.

ತೀರ್ಮಾನ ಎಲ್ಲರಿಗೂ ಗೊತ್ತು, ಕೆಲಸ ಮಾತ್ರ ಆಗಿಲ್ಲ

ನಮ್ಮ ದೋಷ ಇದೇ ಆಗಿತ್ತು. ಬೇಗ ಕಳಿಸಬೇಕು ಎಂಬುದರಲ್ಲಿ ಹದಿನಾಲ್ಕು ಜನರಿಗೂ ಒಂದೇ ಮಾತು. ಇಲ್ಲಿ ಮಿನಿಟ್ಸ್ ಪುಸ್ತಕ ತೆಗೆದು ಆ ಸಾಲನ್ನು ನೋಡಿ. ಹೆಚ್ಚಾಗಿ ಹೀಗಿರುತ್ತದೆ: "ಮೈಲುತುತ್ತು ಆದಷ್ಟು ಬೇಗ ಡಿಪೋಗಳಿಗೆ ಕಳುಹಿಸುವುದು." ಯಾರು ಕಳಿಸುವುದು? ಎಷ್ಟು? ಯಾವತ್ತು? "ಕಳುಹಿಸುವುದು" ಎಂಬ ಕ್ರಿಯಾಪದದಲ್ಲಿ ಕರ್ತೃವೇ ಇಲ್ಲ. ನಮ್ಮ ಕಚೇರಿ ಕನ್ನಡದ ದೊಡ್ಡ ತೊಂದರೆ ಇದು. ಪರಿಶೀಲಿಸುವುದು, ಕ್ರಮ ಕೈಗೊಳ್ಳುವುದು, ಸೂಕ್ತ ಗಮನ ಹರಿಸುವುದು. ಓದಲು ಗಂಭೀರವಾಗಿರುತ್ತದೆ, ಮಾಡುವವರು ಯಾರೂ ಇರುವುದಿಲ್ಲ.

ನಾನು ಈಗ ಪುಸ್ತಕದಲ್ಲಿ "ಉದು" ಎಂದು ಮುಗಿಯುವ ಸಾಲನ್ನೇ ಬಿಡುವುದಿಲ್ಲ. "ಉತ್ತಾರೆ" ಎಂದು ಮುಗಿಯಬೇಕು. "ಗೋಡೌನ್ ನೋಡಿಕೊಳ್ಳುವ ಅಣ್ಣ ಮೇ 9ರ ಸಂಜೆಯೊಳಗೆ 60 ಚೀಲ ಬದಿಯಡ್ಕಕ್ಕೆ ಕಳಿಸುತ್ತಾರೆ" ಎಂದು ಬರೆಯಲು ಹೊರಟರೆ ಸಾಕು, ಹೆಸರು ಬೇಕಾಗುತ್ತದೆ, ಲೆಕ್ಕ ಬೇಕಾಗುತ್ತದೆ, ತಾರೀಕು ಬೇಕಾಗುತ್ತದೆ. ವ್ಯಾಕರಣವೇ ಈ ಪ್ರಶ್ನೆಗಳನ್ನು ಕೇಳುವಂತೆ ಮಾಡುತ್ತದೆ.

ಹೆಸರು ಒಂದೇ ಇರಲಿ. "ಡಿಪೋದವರು" ಎಂಬುದು ಹೆಸರಲ್ಲ. ಇಬ್ಬರ ಹೆಸರು ಬರೆದರೆ ಇಬ್ಬರೂ ಇನ್ನೊಬ್ಬರು ಮಾಡುತ್ತಾರೆ ಎಂದುಕೊಳ್ಳುತ್ತಾರೆ. ಸಹಾಯಕ್ಕೆ ಎಷ್ಟು ಜನ ಬೇಕಾದರೂ ಇರಲಿ, ಕೇಳಿದರೆ ಉತ್ತರ ಹೇಳಬೇಕಾದವರು ಒಬ್ಬರೇ.

ಹೆಸರು, ತಾರೀಕು ಎರಡೂ ಇದ್ದು ಕೆಲಸ ಆಗದಿದ್ದರೆ ಬೈಯುವ ಮೊದಲು ಒಂದು ಪ್ರಶ್ನೆ ಕೇಳಿ. ಅವರ ಕೈಯಲ್ಲಿ ಆ ಕೆಲಸಕ್ಕೆ ಬೇಕಾದದ್ದು ಇತ್ತಾ? ಗೋಡೌನಿನವರಿಗೆ ಲಾರಿ ಬಾಡಿಗೆಯ ಮುಂಗಡ ಕೊಡುವ ಅಧಿಕಾರ ಇಲ್ಲದಿದ್ದರೆ ಅವರು ಮೇ 9ಕ್ಕೆ ಹೇಗೆ ಕಳಿಸುತ್ತಾರೆ? ಮೀಟಿಂಗ್‌ನಲ್ಲಿ ಕೆಲಸ ಒಪ್ಪಿಸಿದೆವು, ದುಡ್ಡಿನ ಸಹಿ ಬೇರೆಯವರ ಹತ್ತಿರ ಬಿಟ್ಟೆವು. ಇಂಥ ದೋಷ ಕಣ್ಣಿಗೆ ಕಾಣಿಸುವುದಿಲ್ಲ, ಮಾಡಬೇಕಾದವರೂ ನಾಚಿಕೆಯಿಂದ ಹೇಳುವುದಿಲ್ಲ. ಅದಕ್ಕೆ ನಾನು ಹೆಸರು ಬರೆದ ಕೂಡಲೇ ಅವರನ್ನೇ ನೋಡಿ ಕೇಳುತ್ತೇನೆ: "ನಾಳೆ ಬೆಳಿಗ್ಗೆ ಬಂದು ಮೊದಲು ಎಂತ ಮಾಡ್ತೀರಿ?" ಉತ್ತರ ಪಟ್ಟನೆ ಬಂದರೆ ಕೆಲಸ ಆಗುತ್ತದೆ. "ನೋಡ್ಬೇಕು" ಎಂದರೆ ಎಲ್ಲೋ ಅಡ್ಡಿ ಇದೆ. ಅದನ್ನು ಅಲ್ಲೇ ಬಿಡಿಸಿ, ಐದು ನಿಮಿಷ ಹೋದರೆ ಹೋಗಲಿ.

ಮಿನಿಟ್ಸ್ ಅವತ್ತೇ ಹೋಗಲಿ. ಕಂಪನಿಗಳ ಬೋರ್ಡ್ ಮೀಟಿಂಗ್‌ಗೆ 2013ರ ಕಂಪನಿ ಕಾಯ್ದೆ ಮಿನಿಟ್ಸ್ ಬರೆದು ಪುಸ್ತಕಕ್ಕೆ ಸೇರಿಸಲು 30 ದಿನ ಕೊಡುತ್ತದೆ. ಅದು ದಾಖಲೆಗಾಗಿ. ನಮ್ಮಂಥವರ ಸೋಮವಾರದ ಮೀಟಿಂಗ್‌ಗೆ 30 ದಿನ ಎಂದರೆ ನಾಲ್ಕು ಮೀಟಿಂಗ್ ದಾಟಿ ಹೋಯಿತು. ತೀರ್ಮಾನದ ಐದಾರು ಸಾಲು ಮಧ್ಯಾಹ್ನ ಊಟಕ್ಕೆ ಮೊದಲು ವಾಟ್ಸಾಪ್ ಗ್ರೂಪಿಗೆ ಬಿದ್ದಿರಬೇಕು. ಬರೆದದ್ದೇ ಸಾಕು, ವಾಯ್ಸ್ ಮೆಸೇಜ್ ಬೇಡ, ವಾರ ಕಳೆದ ಮೇಲೆ ಹುಡುಕಿದರೆ ಸಿಗುವುದಿಲ್ಲ.

ಏನೂ ತೀರ್ಮಾನ ಆಗಲೇ ಇಲ್ಲ ಎಂದರೆ

ದೋಷ ಅಜೆಂಡಾದಲ್ಲಿದೆ. ಹಿಂದಿನ ರಾತ್ರಿಯ ಮೆಸೇಜ್ ತೆಗೆದು ನೋಡಿ. "1. ಸ್ಟಾಕ್ 2. ಕಲೆಕ್ಷನ್ 3. ಇತರೆ" ಎಂದಿದ್ದರೆ ಬೇರೆ ಎಲ್ಲೂ ಹುಡುಕುವುದು ಬೇಡ. ಸ್ಟಾಕ್ ಎಂಬುದು ಒಂದು ಶಬ್ದ. ಶಬ್ದವನ್ನು ತೀರ್ಮಾನ ಮಾಡಲು ಆಗುವುದಿಲ್ಲ, ಅದರ ಸುತ್ತ ಮಾತಾಡಬಹುದು ಅಷ್ಟೇ. ಅದನ್ನೇ ಪ್ರಶ್ನೆ ಮಾಡಿ. "ಮಳೆಗೆ ಮೊದಲು ಬದಿಯಡ್ಕಕ್ಕೆ ಎಷ್ಟು ಚೀಲ, ಮುಳ್ಳೇರಿಯಕ್ಕೆ ಎಷ್ಟು?" ಹೀಗೆ ಬರೆದರೆ ಜನ ಬರುವಾಗಲೇ ತಲೆಯಲ್ಲಿ ಒಂದು ಲೆಕ್ಕ ಇಟ್ಟುಕೊಂಡು ಬರುತ್ತಾರೆ. ಉತ್ತರ ಸಿಕ್ಕಿದಾಗ ವಿಷಯ ಮುಗಿಯಿತು ಎಂದು ಎಲ್ಲರಿಗೂ ಗೊತ್ತಾಗುತ್ತದೆ.

ಪ್ರಶ್ನೆ ಬರೆಯಲು ಕೂತರೆ ಇನ್ನೊಂದು ಲಾಭ ಇದೆ. ಕೆಲವು ವಿಷಯಕ್ಕೆ ಪ್ರಶ್ನೆಯೇ ಹುಟ್ಟುವುದಿಲ್ಲ. "ಹೊಸ ರೇಟು ಬಂದಿದೆ" ಎಂಬುದರಲ್ಲಿ ಕೇಳುವುದೇನೂ ಇಲ್ಲ, ತಿಳಿಸುವುದು ಮಾತ್ರ. ಅದಕ್ಕೆ ಹದಿನಾಲ್ಕು ಜನರನ್ನು ಕೂರಿಸಬೇಡಿ, ಒಂದು ಮೆಸೇಜ್ ಹಾಕಿ. ಇಷ್ಟು ತೆಗೆದ ಮೇಲೆ ಅಜೆಂಡಾದಲ್ಲಿ ಏನೂ ಉಳಿಯದಿದ್ದರೆ ಆ ವಾರ ಮೀಟಿಂಗ್ ಬೇಡ.

ಹದಿನಾಲ್ಕು ಜನ ಎರಡು ಗಂಟೆ ಎಂದರೆ 28 ಗಂಟೆಯ ಕೆಲಸ, ದಿನಕ್ಕೆ ಎಂಟು ಗಂಟೆಯ ಲೆಕ್ಕದಲ್ಲಿ ಒಬ್ಬರ ಮೂರೂವರೆ ದಿನ. ವರ್ಷದ 52 ವಾರಕ್ಕೆ 1,456 ಗಂಟೆ, ಅಂದರೆ ಒಬ್ಬರ 182 ದಿನದ ಕೆಲಸ. ಈ ಲೆಕ್ಕವನ್ನು ನಾನು ಒಂದು ಕಾಗದದಲ್ಲಿ ಬರೆದು ಮೀಟಿಂಗ್ ರೂಮಿನ ಗೋಡೆಗೆ ಅಂಟಿಸಿದ್ದೇನೆ.

ಎರಡು ಗಂಟೆ ಕೂತರೂ ಮುಖ್ಯ ವಿಷಯಕ್ಕೆ ಸಮಯ ಸಾಲದಿದ್ದರೆ

ಅಜೆಂಡಾದ ಸಾಲುಗಳ ಪಕ್ಕದಲ್ಲಿ ಒಂದು ವಾರ ಗಡಿಯಾರ ನೋಡಿ ನಿಮಿಷ ಬರೆಯಿರಿ. ನಮ್ಮಲ್ಲಿ ಲಕ್ಷಗಟ್ಟಲೆಯ ರಸಗೊಬ್ಬರದ ಆರ್ಡರು ಆರು ನಿಮಿಷದಲ್ಲಿ ಮುಗಿದಿತ್ತು, ಡಿಪೋದ ಎದುರು ಹಾಕುವ ತಗಡಿನ ಮಾಡು ಯಾವ ಬಣ್ಣದ್ದು ಎಂಬುದಕ್ಕೆ ಮೂವತ್ತೈದು ನಿಮಿಷ ಹೋಗಿತ್ತು. ಇದು ಎಲ್ಲ ಕಡೆ ಇರುವ ರೋಗ. ಬ್ರಿಟನ್ನಿನ ನಾರ್ತ್‌ಕೋಟ್ ಪಾರ್ಕಿನ್ಸನ್ 1957ರಲ್ಲೇ ಇದನ್ನು ಬರೆದಿದ್ದರು: ಅಣು ರಿಯಾಕ್ಟರಿನ ವಿಷಯ ಸಮಿತಿಯಲ್ಲಿ ಬೇಗ ಪಾಸಾಗುತ್ತದೆ, ಸೈಕಲ್ ನಿಲ್ಲಿಸುವ ಶೆಡ್ಡಿಗೆ ಮುಕ್ಕಾಲು ಗಂಟೆ ಚರ್ಚೆ ಆಗುತ್ತದೆ. ಶೆಡ್ಡು ಎಲ್ಲರಿಗೂ ಗೊತ್ತು, ಅದರ ಬಗ್ಗೆ ಎಲ್ಲರಿಗೂ ಹೇಳಲು ಇರುತ್ತದೆ. ದೊಡ್ಡ ವಿಷಯದಲ್ಲಿ ತಪ್ಪು ಮಾತಾಡಿದರೆ ಎಂಬ ಹೆದರಿಕೆ.

ಕಷ್ಟದ ವಿಷಯ ಮೊದಲು ಇಡಿ. ತಗಡಿನ ಬಣ್ಣ ಡಿಪೋದಲ್ಲಿ ಕೂರುವವರೇ ಆರಿಸಲಿ, ಮೀಟಿಂಗ್‌ಗೆ ತರುವುದೇ ಬೇಡ.

ಮಾತು ಎಳೆಯುವವರನ್ನು ನಿಲ್ಲಿಸುವುದು ಹೇಗೆ ಎಂದು ತುಂಬಾ ಜನ ಕೇಳುತ್ತಾರೆ. ನಮ್ಮ ಊರಿನವರಿಗೆ ಇದಕ್ಕೆ ಬೇರೆ ಪಾಠ ಬೇಕಾಗಿಲ್ಲ, ತಾಳಮದ್ದಳೆ, ಅಂದರೆ ವೇಷ ಕಟ್ಟದೆ ಕೂತು ಪದ್ಯಕ್ಕೆ ಮಾತಿನಲ್ಲಿ ಅರ್ಥ ಹೇಳುವ ಯಕ್ಷಗಾನ, ನೋಡಿದ್ದರೆ ಸಾಕು. ಇಬ್ಬರು ಒಳ್ಳೆಯ ಅರ್ಥಧಾರಿಗಳು ಎದುರುಬದುರು ಕೂತರೆ ವಾದ ಬೆಳಗಿನವರೆಗೂ ಹೋಗಬಹುದು. ಆದರೂ ಪ್ರಸಂಗ ಮುಗಿಯುತ್ತದೆ. ಯಾಕೆ? ನಡುವಿನಲ್ಲಿ ಪದ್ಯ ಹಾಡುವ ಭಾಗವತರಿದ್ದಾರೆ. ಮಾತಿಗೆ ಎಡೆ ಕೊಡುವುದು ಅವರ ಪದ್ಯ, ವಾದ ದಾರಿ ಬಿಟ್ಟಾಗ ಜಾಗಟೆ ಎತ್ತಿ ಮುಂದಿನ ಪದ್ಯ ಶುರು ಮಾಡುವವರೂ ಅವರೇ. ಅರ್ಥಧಾರಿ ಎಷ್ಟೇ ದೊಡ್ಡವರಿರಲಿ, ಪದ್ಯ ಎತ್ತಿದ ಮೇಲೆ ಸುಮ್ಮನಾಗುತ್ತಾರೆ, ಅದರಲ್ಲಿ ಅವಮಾನ ಏನೂ ಇಲ್ಲ. ಮುಖ್ಯವಾದ ಮಾತು ಇನ್ನೊಂದು: ಭಾಗವತರು ತಾವೇ ಅರ್ಥ ಹೇಳಲು ಕೂರುವುದಿಲ್ಲ. ಯಕ್ಷಗಾನದ ಕವಿ ಕುಂಬಳೆಯ ಪಾರ್ತಿಸುಬ್ಬನ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೀಟಿಂಗ್ ನಡೆಸುವವರೇ ವಾದಕ್ಕಿಳಿದರೆ ಪದ್ಯ ಎತ್ತಲು ಯಾರೂ ಉಳಿಯುವುದಿಲ್ಲ. ನಾವು ಈಗ ನಡೆಸುವವರನ್ನು ವಿಷಯಕ್ಕೆ ತಕ್ಕಂತೆ ಬದಲಿಸುತ್ತೇವೆ. ಸ್ಟಾಕಿನ ವಿಷಯ ಬಂದಾಗ ಕಲೆಕ್ಷನ್ ನೋಡುವ ಅಕ್ಕ ನಡೆಸುತ್ತಾರೆ, ಅವರಿಗೆ ಅದರಲ್ಲಿ ಪಕ್ಷ ಇಲ್ಲ. "ಇದು ಒಳ್ಳೆಯ ವಿಷಯ, ಇವತ್ತಿನ ಪ್ರಶ್ನೆ ಅಲ್ಲ, ಬರೆದಿಡ್ತೇನೆ" ಎಂದು ಅವರು ಹೇಳುತ್ತಾರೆ, ನಿಜವಾಗಿ ಬರೆದಿಡುತ್ತಾರೆ. ಬರೆದಿಡುವುದು ಕಂಡರೆ ಮಾತಾಡುವವರು ಬೇಸರಿಸುವುದಿಲ್ಲ.

ಇಬ್ಬರೇ ಮಾತಾಡುತ್ತಾರೆ, ಉಳಿದವರು ಸುಮ್ಮನೆ

ಮೊದಲು ತಲೆ ಎಣಿಸಿ. ಆರು ಜನ ಇದ್ದರೆ ಒಬ್ಬರಿಗೊಬ್ಬರು ಮಾತಾಡುವ ಜೋಡಿಗಳು 15. ಹದಿನಾಲ್ಕು ಜನ ಇದ್ದರೆ 91. ಅಷ್ಟು ಕಡೆಯಿಂದ ಮಾತು ಬರಲು ಸಾಧ್ಯವೇ ಇಲ್ಲ, ಹಾಗಾಗಿ ಹೆಚ್ಚಿನವರು ಪ್ರೇಕ್ಷಕರಾಗುತ್ತಾರೆ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್ಮನ್ ಜನರಿಂದ ಹಗ್ಗ ಎಳೆಸಿ ಬಲ ಅಳೆದು 1913ರಲ್ಲಿ ಪ್ರಕಟಿಸಿದ್ದರು. ಎಂಟು ಜನ ಒಟ್ಟಿಗೆ ಎಳೆದಾಗ ಬಂದ ಬಲ ಎಂಟು ಜನರದ್ದಲ್ಲ, ಸುಮಾರು ನಾಲ್ಕು ಜನರದ್ದು. ಜನ ಹೆಚ್ಚಾದಂತೆ ಎಳೆತ ಒಂದೇ ಸಮಯಕ್ಕೆ ಬೀಳುವುದಿಲ್ಲ, ನಾನೊಬ್ಬ ಸಡಿಲ ಬಿಟ್ಟರೆ ಗೊತ್ತಾಗುವುದೂ ಇಲ್ಲ. ಮೀಟಿಂಗ್ ಕೂಡ ಹಾಗೆಯೇ. ಪ್ರಶ್ನೆಗೆ ಉತ್ತರ ಗೊತ್ತಿರುವವರು, ಕೆಲಸ ಮಾಡುವವರು, ದುಡ್ಡಿಗೆ ಸಹಿ ಹಾಕುವವರು, ಇಷ್ಟೇ ಜನ ಬೇಕು. ಉಳಿದವರಿಗೆ ತೀರ್ಮಾನದ ಸಾಲು ತಲುಪಿದರೆ ಆಯಿತು.

ಆದರೆ ಇದರಲ್ಲಿ ಒಂದು ಎಚ್ಚರ. ಕರೆಯದಿದ್ದರೆ ನಮ್ಮ ಕಡೆ ಬೇಸರ ಆಗುತ್ತದೆ. "ನನ್ನನ್ನು ಬಿಟ್ಟರು" ಎಂದು ಮನೆಯಲ್ಲಿ ಹೇಳಿಕೊಳ್ಳುತ್ತಾರೆ. ಹಾಗಾಗಿ ಒಮ್ಮೆಲೇ ಹೆಸರು ತೆಗೆಯಬೇಡಿ. ಎದುರು ಕೂತು ಕಾರಣ ಹೇಳಿ, ಯಾವಾಗ ಬೇಕಾದರೂ ಬರಬಹುದು ಎಂದು ಹೇಳಿ, ನಿಜವಾಗಿಯೂ ಬಂದರೆ ಕುರ್ಚಿ ಕೊಡಿ. ನಾವು ಹೀಗೆ ಹದಿನಾಲ್ಕರಿಂದ ಏಳಕ್ಕೆ ಬಂದೆವು, ಎರಡು ತಿಂಗಳು ಹಿಡಿಯಿತು.

ಜನ ಕಡಿಮೆ ಇದ್ದೂ ಮೌನ ಇದ್ದರೆ, ಮೊದಲು ಯಾರು ಮಾತಾಡುತ್ತಾರೆ ಎಂದು ಗಮನಿಸಿ. ಯಜಮಾನರು "40 ಚೀಲ ಸಾಕಲ್ವಾ?" ಎಂದು ಶುರು ಮಾಡಿದರೆ ಮುಂದೆ ಎಲ್ಲರಿಗೂ 40 ಸಾಕಾಗುತ್ತದೆ. ಡಿಪೋದಲ್ಲಿ ಕೂರುವ ಹುಡುಗನಿಗೆ ಗೊತ್ತು, ಈಗಾಗಲೇ 50 ಚೀಲಕ್ಕೆ ಜನ ಹೇಳಿ ಹೋಗಿದ್ದಾರೆ ಎಂದು. ಅವನು ಹೇಳುವುದಿಲ್ಲ. ಅದು ಹೇಡಿತನ ಅಲ್ಲ. ಅಮೆರಿಕದ ಸಾಲೊಮನ್ ಆಶ್ 1951ರಲ್ಲಿ ಮಾಡಿದ ಪ್ರಯೋಗದಲ್ಲಿ ಗೆರೆಗಳ ಉದ್ದ ಹೋಲಿಸುವಂಥ ಸುಲಭ ಪ್ರಶ್ನೆಗೂ, ಉಳಿದವರೆಲ್ಲ ಬೇಕೆಂದೇ ತಪ್ಪು ಹೇಳಿದಾಗ, ಸುಮಾರು ಮೂರರಲ್ಲಿ ಒಂದು ಉತ್ತರ ಆ ತಪ್ಪಿನ ಕಡೆಗೇ ವಾಲಿತ್ತು. ಗುಂಪಿನಲ್ಲಿ ಇನ್ನೊಬ್ಬರು ಸರಿ ಉತ್ತರ ಹೇಳಿದಾಗ ವಾಲುವುದು ತುಂಬಾ ಇಳಿಯಿತು. ನನಗೆ ಉಪಯೋಗಕ್ಕೆ ಬಂದದ್ದು ಈ ಎರಡನೆಯ ಮಾತು. ಒಬ್ಬರು ಜೊತೆಗಿದ್ದರೆ ಸಾಕು.

ಹಾಗಾಗಿ ಲೆಕ್ಕದ ಪ್ರಶ್ನೆ ಬಂದಾಗ ನಾವು ಎಲ್ಲರಿಗೂ ಚೀಟಿ ಕೊಡುತ್ತೇವೆ. ಮಾತಾಡುವ ಮೊದಲು ಅವರವರ ಅಂಕಿ ಬರೆಯಬೇಕು. ಆಮೇಲೆ ಚಿಕ್ಕವರಿಂದ ಶುರು, ಯಜಮಾನರು ಕೊನೆಗೆ. ಮೊದಲ ಸಲ ಯಜಮಾನರಿಗೆ ಇದು ಇಷ್ಟವಾಗಲಿಲ್ಲ. ಚೀಟಿಗಳಲ್ಲಿ 40, 55, 70, 60 ಎಂದು ಬಂದಾಗ ಅವರೇ 70 ಬರೆದವನನ್ನು ಕೇಳಿದರು, "ಯಾಕೆ ಮಗಾ ಅಷ್ಟು?" ಅವನು ಹೆಸರು ಸಮೇತ ಹೇಳಿದ. ಅವತ್ತು 60 ಎಂದು ತೀರ್ಮಾನ ಆಯಿತು.

ಫೋನಿನಲ್ಲಿ ಸೇರಿದವರು ಕಾಣೆಯಾಗುತ್ತಿದ್ದರೆ

ಮಂಗಳೂರಿನವರು, ಡಿಪೋದವರು ಗೂಗಲ್ ಮೀಟ್‌ನಲ್ಲಿ ಸೇರುತ್ತಾರೆ, ನಾವು ಐದು ಜನ ಒಂದು ಕೋಣೆಯಲ್ಲಿ. ನೆಟ್ ಕಟ್ ಆಗುವುದು ಒಂದು ಕಡೆ. ಗುಡ್ಡದ ಮರೆಯ ಡಿಪೋದಲ್ಲಿ ಮಳೆಗಾಲದಲ್ಲಿ ಕರೆಂಟು ಹೋದರೆ ಸಿಗ್ನಲ್ಲೂ ಹೋಗುತ್ತದೆ, ಅದಕ್ಕೆ ಮಾಮೂಲಿ ಕಾಲ್ ಮಾಡಿ ಸ್ಪೀಕರಿನಲ್ಲಿ ಇಟ್ಟುಕೊಳ್ಳಿ. ದೊಡ್ಡ ದೋಷ ಕೋಣೆಯೊಳಗಿನದು. ಕೋಣೆಯಲ್ಲಿರುವವರು ತಮ್ಮೊಳಗೆ ಪಿಸುಗುಡುತ್ತಾರೆ, ಆ ಕಡೆಯವರಿಗೆ ಅದು ಗದ್ದಲ. ಎರಡು ಸಲ "ಕೇಳಿಸಲಿಲ್ಲ" ಎಂದವರು ಮೂರನೆಯ ಸಲ ಮ್ಯೂಟ್ ಮಾಡಿ ಬಿಲ್ಲು ಬರೆಯಲು ಕೂರುತ್ತಾರೆ. ಪ್ರತಿ ಪ್ರಶ್ನೆಗೂ ಮೊದಲು ಫೋನಿನವರ ಉತ್ತರ ಕೇಳಿ, ಆಮೇಲೆ ಕೋಣೆಯವರದ್ದು. ಇದೊಂದೇ ಬದಲಾವಣೆ ನಮ್ಮಲ್ಲಿ ಅರ್ಧ ತೊಂದರೆ ಕಳೆಯಿತು.

ಜನ ಬರುವುದೇ ಇಲ್ಲ, ಬಂದರೂ ತಡ

ಮೊದಲು ಕ್ಯಾಲೆಂಡರು ನೋಡಿ. ಗಡಿಯ ಎರಡೂ ಕಡೆ ಕೆಲಸ ಇರುವವರಿಗೆ ಎರಡು ರಜೆಪಟ್ಟಿ. ನವೆಂಬರ್ 1 ಮಂಗಳೂರಿನಲ್ಲಿ ರಾಜ್ಯೋತ್ಸವದ ರಜೆ, ಗಡಿಯ ತಲಪಾಡಿ ದಾಟಿ ಕೇರಳಕ್ಕೆ ಬಂದರೆ ಮಾಮೂಲಿ ಕೆಲಸದ ದಿನ. ಓಣಂ ಹೊತ್ತಿಗೆ ಇದು ತಲೆಕೆಳಗು. ಶುಕ್ರವಾರ ಮಧ್ಯಾಹ್ನ ಜುಮಾ ನಮಾಜಿನ ಹೊತ್ತು ಮೀಟಿಂಗ್ ಇಟ್ಟು, ಬರಲಿಲ್ಲ ಎಂದು ದೂರುವುದು ನ್ಯಾಯವಲ್ಲ. ಬೆಳಿಗ್ಗೆ ರೈಲಿನಲ್ಲಿ ಮಂಗಳೂರಿಗೆ ಹೋಗಿ ಬರುವವರಿದ್ದರೆ ರೈಲಿನ ಹೊತ್ತು ನೋಡಿ ಸಮಯ ಇಡಿ.

ಕ್ಯಾಲೆಂಡರಿನಲ್ಲಿ ದೋಷ ಇಲ್ಲದಿದ್ದರೆ, ಮೀಟಿಂಗ್‌ಗೆ ಬರದವರಿಗೆ ಏನು ನಷ್ಟ ಆಗುತ್ತದೆ ಎಂದು ಯೋಚಿಸಿ. ಏನೂ ಇಲ್ಲ ಎಂದಾದರೆ ಅವರು ಬರದೇ ಇರುವುದು ಸರಿಯೇ. ಕೇರಳದ ಹೆಂಗಸರ ಸ್ವಸಹಾಯ ಯೋಜನೆ ಕುಟುಂಬಶ್ರೀ 1998ರಲ್ಲಿ ಶುರುವಾದದ್ದು, ನಮ್ಮ ಊರಿನ ಹೆಂಗಸರು ವಾರ ವಾರ ಅದರ ಅಯಲ್‌ಕೂಟ್ಟಕ್ಕೆ (ನೆರೆಕರೆಯವರ ಗುಂಪಿಗೆ) ಹೋಗುವುದನ್ನು ನೋಡುತ್ತಲೇ ಇದ್ದೇನೆ. ಅಲ್ಲಿ ಉಳಿತಾಯದ ದುಡ್ಡು ಎಣಿಸುವುದು, ಸಾಲದ ಕಂತು ಕಟ್ಟುವುದು, ಪುಸ್ತಕದಲ್ಲಿ ಬರೆಯುವುದು ಎಲ್ಲ ಕೂತ ಜಾಗದಲ್ಲೇ ಆಗುತ್ತದೆ. ಎದ್ದು ಬರುವಾಗ ಏನೋ ಒಂದು ಮುಗಿದಿರುತ್ತದೆ. ಆಫೀಸಿನ ಮೀಟಿಂಗ್‌ನಲ್ಲೂ ಒಂದಾದರೂ ಕೆಲಸ ಅಲ್ಲೇ ಮುಗಿಯಲಿ. ಲಾರಿಯವರಿಗೆ ಅಲ್ಲಿಂದಲೇ ಫೋನ್ ಮಾಡಿ, ಬಾಕಿ ಸಹಿ ಅಲ್ಲೇ ಹಾಕಿಸಿ.

ಮತ್ತೆ, ಈ ಮೀಟಿಂಗ್ ಯಾಕೆ ಇದೆ? ಕೆಲವಕ್ಕೆ ಕಾನೂನಿನ ಕಾರಣ ಇರುತ್ತದೆ. ಸಣ್ಣ ಕಂಪನಿಗಳಂಥವನ್ನು ಬಿಟ್ಟರೆ ಕಂಪನಿಯ ಬೋರ್ಡು ವರ್ಷಕ್ಕೆ ಕನಿಷ್ಠ ನಾಲ್ಕು ಸಲ ಸೇರಬೇಕು, ಎರಡರ ನಡುವೆ 120 ದಿನ ಮೀರಬಾರದು. ಕೇರಳದಲ್ಲಿ ಗ್ರಾಮಸಭೆ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಅವನ್ನು ನಿಲ್ಲಿಸುವಂತಿಲ್ಲ. ಉಳಿದವು ಅಭ್ಯಾಸದಿಂದ ನಡೆಯುವಂಥವು. ಸಂಶಯ ಇದ್ದರೆ ಎರಡು ಸಲ ಮುಂದೂಡಿ ನೋಡಿ. ಯಾರೂ ಕೇಳದಿದ್ದರೆ ಉತ್ತರ ಸಿಕ್ಕಿತು.

ಎಲ್ಲ ಸರಿ ಮಾಡಿದರೂ ಸರಿಯಾಗದಿದ್ದರೆ

ಎರಡು ದೋಷಗಳಿಗೆ ಈ ಯಾವ ಮದ್ದೂ ತಾಗುವುದಿಲ್ಲ. ಒಂದು, ತೀರ್ಮಾನ ಮೊದಲೇ ಆಗಿಹೋಗಿರುವುದು. ಯಜಮಾನರು ಮನಸ್ಸಿನಲ್ಲಿ ನಿಶ್ಚಯ ಮಾಡಿಯೇ ಬಂದು "ನೀವೇನು ಹೇಳ್ತೀರಿ?" ಎಂದು ಕೇಳಿದರೆ ಜನರಿಗೆ ಅದು ಗೊತ್ತಾಗುತ್ತದೆ. ಎರಡು ಸಲ ಹಾಗಾದರೆ ಮೂರನೆಯ ಸಲ ನಿಜವಾಗಿ ಕೇಳಿದಾಗಲೂ ಉತ್ತರ ಬರುವುದಿಲ್ಲ. ನಿಶ್ಚಯ ಆಗಿದ್ದರೆ "ನಾನು ಹೀಗೆ ನಿಶ್ಚಯ ಮಾಡಿದ್ದೇನೆ, ಮಾಡುವುದು ಹೇಗೆ ಎಂದು ಮಾತ್ರ ಹೇಳಿ" ಎಂದರೆ ಯಾರೂ ಬೇಸರಿಸುವುದಿಲ್ಲ. ನಾನು ಇದನ್ನು ನಮ್ಮ ಯಜಮಾನರಿಗೆ ಚೇಂಬರಿನಲ್ಲಿ, ಬಾಗಿಲು ಹಾಕಿಕೊಂಡು ಹೇಳಿದೆ. ಎಲ್ಲರ ಎದುರು ಹೇಳುವ ಮಾತಲ್ಲ ಅದು.

ಇನ್ನೊಂದು, ಇಬ್ಬರ ನಡುವೆ ಮುರಿದ ಮನಸ್ಸು. ಗೋಡೌನಿನವರಿಗೂ ಅಕೌಂಟ್ಸಿನವರಿಗೂ ಮಾತಿಲ್ಲದಿದ್ದರೆ ಮೀಟಿಂಗ್‌ನಲ್ಲಿ ಪ್ರತಿ ಲೆಕ್ಕವೂ ಜಗಳವಾಗುತ್ತದೆ. ಅಜೆಂಡಾ ಎಷ್ಟು ಚೆನ್ನಾಗಿ ಬರೆದರೂ ಉಪಯೋಗವಿಲ್ಲ. ಇಬ್ಬರನ್ನೂ ಬೇರೆ ಕರೆದು, ಊಟಕ್ಕೋ ಚಾಕ್ಕೋ ಕೂರಿಸಿ ಮಾತಾಡಬೇಕು. ಅದಕ್ಕೆ ಸಮಯ ಹಿಡಿಯುತ್ತದೆ, ಹಿಡಿಯಲಿ.

ಇವೆರಡೂ ಅಲ್ಲ ಎಂದಾದರೆ ಕಳೆದ ಮೂರು ತಿಂಗಳ ಮಿನಿಟ್ಸ್ ತೆಗೆದು ಪ್ರತಿ ತೀರ್ಮಾನದ ಎದುರು ಆಯಿತು, ಆಗಲಿಲ್ಲ ಎಂದು ಗುರುತು ಹಾಕಿ. ಆಗದ ಸಾಲುಗಳನ್ನು ಒಟ್ಟಿಗೆ ಬರೆದರೆ ಒಂದೇ ಹೆಸರು, ಒಂದೇ ಡಿಪೋ, ಇಲ್ಲವೇ ಒಂದೇ ಸಹಿ ಮತ್ತೆ ಮತ್ತೆ ಕಾಣಿಸುತ್ತದೆ. ನಮ್ಮಲ್ಲಿ ಹಾಗೆ ಕಾಣಿಸಿದ್ದು ಲಾರಿ ಮುಂಗಡದ ಸಹಿ. ಈಗ ಒಂದು ಮಿತಿಯೊಳಗಿನ ಬಾಡಿಗೆಗೆ ಗೋಡೌನಿನವರೇ ಸಹಿ ಹಾಕುತ್ತಾರೆ. ಮರುವರ್ಷ ಮೇ 8ಕ್ಕೆ, ಹೇಳಿದ್ದಕ್ಕಿಂತ ಒಂದು ದಿನ ಮೊದಲೇ, ಬದಿಯಡ್ಕದ ಡಿಪೋದಿಂದ ಗ್ರೂಪಿಗೆ ಒಂದು ಫೋಟೋ ಬಂತು: ಗೋಡೆಗೆ ಒರಗಿಸಿಟ್ಟ 60 ಚೀಲ.